ಒಂದೇ ಮಗುವಿಗೆ ಮೂರು ವಾರಿಗೆ

ಶಾಲೆಗಳಲ್ಲಿ ಆಪ್ತಸಮಾಲೋಚನೆ ನಡೆಸುವವರಿಗೆಲ್ಲ ಈ ಮಗು ಗೊತ್ತು. ಎಂಟನೆಯ ವಯಸ್ಸಿಗೇ ಬೀಜಗಣಿತ ಬಿಡಿಸುತ್ತದೆ, ಆಟದಲ್ಲಿ ಸೋತರೆ ನೆಲಕ್ಕೆ ಬಿದ್ದು ಅಳುತ್ತದೆ, ಬಿಡುವಿನಲ್ಲಿ ಗ್ರಂಥಾಲಯದ ಮೂಲೆ ಸೇರುತ್ತದೆ. ತಲೆಗೆ ಹನ್ನೆರಡು, ಮೈಗೆ ಎಂಟು, ಮನಸ್ಸಿಗೆ ಒಮ್ಮೊಮ್ಮೆ ಐದೇ ವರ್ಷ. ಹಾಗಾದರೆ ಒಂದೇ ವಾರಿಗೆ, ಅಂದರೆ ಒಂದೇ ಜೊತೆಗಾರರ ಗುಂಪು, ಅದಕ್ಕೆ ಸಾಲುವುದು ಹೇಗೆ? ಅದರ ವಾರವನ್ನು ಮೂರು ವಾರಿಗೆಗಳಿಗೆ ಹಂಚೋಣ ಎಂದು ನಾನು ಸಿಬ್ಬಂದಿ ಸಭೆಯಲ್ಲಿ ಹೇಳಿದಾಗ ಒಪ್ಪಿದವರು ಒಬ್ಬರೋ ಇಬ್ಬರೋ. ಅಂದು ವಿರೋಧಿಸಿದವರೇ ಇಂದು ತಮ್ಮ ತರಗತಿಗಳಲ್ಲಿ ಇದನ್ನು ನಡೆಸುತ್ತಿದ್ದಾರೆ.

ಅದಕ್ಕೂ ಮುಂಚೆ ಕೈಬಿಟ್ಟುಹೋದ ಹಣದ ಲೆಕ್ಕ ಹೇಳಬೇಕು. ವಿಭಾಗದ ವರ್ಷದ ಅನುದಾನದಲ್ಲಿ ಸುಮಾರು ಮೂರನೆಯ ಒಂದು ಭಾಗ ಸಾಮಾಜಿಕ ಕೌಶಲದ ತರಬೇತಿ ಸಾಮಗ್ರಿಗೆ ಹೋಯಿತು. ಮುಖಭಾವದ ಚಿತ್ರಪಟಗಳನ್ನು ಈ ಮಕ್ಕಳು ಒಂದೇ ವಾರದಲ್ಲಿ ಬಾಯಿಪಾಠ ಮಾಡಿದರು. ಕೋಪ, ನಿರಾಸೆ, ಮುಜುಗರ ಎಲ್ಲದಕ್ಕೂ ಸರಿಯುತ್ತರ. ಮೈದಾನದಲ್ಲಿ ಮಾತ್ರ ಹಿಂದಿನಂತೆಯೇ ಒಂಟಿ. ಅವರಿಗೆ ಮಾತನಾಡಲು ಬರುತ್ತಿತ್ತು, ತಮ್ಮ ಮಾತಿಗೆ ಕಿವಿಗೊಡುವ ಜೊತೆಗಾರರಿರಲಿಲ್ಲ.

ಹಿಂದುಳಿದ ಸಹಪಾಠಿಗಳಿಗೆ ಇವರಿಂದಲೇ ಪಾಠ ಹೇಳಿಸುವ ಯೋಜನೆ ಇನ್ನೂ ಹೆಚ್ಚು ಹಾನಿ ಮಾಡಿತು. ತರಗತಿ ಅವರನ್ನು ಪುಟ್ಟ ಮೇಷ್ಟರೆಂದು ದೂರವಿಟ್ಟಿತು. ಕೆಲವರು, ಅದರಲ್ಲೂ ಹದಿವಯಸ್ಸಿನ ಅಂಚಿನ ಹುಡುಗಿಯರು, ಬೇಕೆಂದೇ ತಪ್ಪು ಉತ್ತರ ಬರೆಯತೊಡಗಿದರು. ಅಂಕ ಇಳಿಯಿತು, ಗೆಳತಿಯರು ಹೆಚ್ಚಿದರು. 'ಈಗ ಎಲ್ಲರೊಂದಿಗೆ ಬೆರೆಯುತ್ತಿದ್ದಾಳೆ' ಎಂದು ವರದಿಯಲ್ಲಿ ಬರೆಯುವಷ್ಟು ಸಮಾಧಾನ ಶಿಕ್ಷಕರಿಗೆ. ನನಗೆ ಅದನ್ನು ಓದಿ ಸಂಕಟವಾಯಿತು.

ದೊಡ್ಡ ಮಕ್ಕಳ ಜೊತೆ ಬಿಡಬಾರದು ಎನ್ನುವವರ ಬಾಯಲ್ಲಿ ಮೊದಲು ಬರುವ ಹೆಸರು ವಿಲಿಯಂ ಸೈಡಿಸ್. 1909ರಲ್ಲಿ, ಹನ್ನೊಂದನೆಯ ವಯಸ್ಸಿಗೆ ಹಾರ್ವರ್ಡ್ ಸೇರಿ, ಮುಂದೆ ವಿದ್ವತ್ತಿನ ಲೋಕದಿಂದಲೇ ದೂರ ಸರಿದವನು. ಅದೇ ವಯಸ್ಸಿಗೆ ಕಾಲೇಜು ಸೇರಿ ಹದಿನೆಂಟಕ್ಕೆ ಡಾಕ್ಟರೇಟ್ ಪಡೆದು, ಕೊನೆಯವರೆಗೂ ಗಣಿತದಲ್ಲೇ ದುಡಿದ ನಾರ್ಬರ್ಟ್ ವೀನರ್ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ನಾನಂತೂ ಇಡೀ ಮಗುವನ್ನು ಮೇಲಿನ ತರಗತಿಗೆ ಎತ್ತಿ ಹಾಕಲಿಲ್ಲ. ಮೊದಲನೆಯದು ತಲೆಯ ವಾರಿಗೆ: ವಾರಕ್ಕೆ ಎರಡು ಅವಧಿ ಮಾತ್ರ ಮೂರು ನಾಲ್ಕು ವರ್ಷ ದೊಡ್ಡವರ ಚಿಕ್ಕ ಗುಂಪು, ಉತ್ತರ ಯಾರಿಗೂ ಮೊದಲೇ ತಿಳಿಯದ ಒಂದು ಕೆಲಸ, ಅದರಲ್ಲಿ ಈ ಮಗುವಿಗೂ ಒಂದು ನಿಜವಾದ ಹೊಣೆ. ಆ ಹಿರಿಯರನ್ನು ಆರಿಸುವ ಬಗೆ ನನ್ನಲ್ಲೇ ಇರಲಿ. ಅಂಕಪಟ್ಟಿ ನೋಡಿ ಆರಿಸುವುದಿಲ್ಲ ಎಂಬಷ್ಟು ಸಾಕು.

ಎರಡನೆಯದು ಮೈಯ ವಾರಿಗೆ. ಸಮವಯಸ್ಕರೊಂದಿಗೆ ಓಟ, ಈಜು, ಜೇಡಿಮಣ್ಣು. ಅಂಕವಿಲ್ಲ, ರಸಪ್ರಶ್ನೆಯಂತೂ ಇಲ್ಲವೇ ಇಲ್ಲ. ಮೂರನೆಯದು ಮನಸ್ಸಿನದು: ನನ್ನ ಕೋಣೆಯಲ್ಲಿ ಕಾಲು ಗಂಟೆ, ಸಲಹೆಯಿಲ್ಲದೆ. ಏಳು ವರ್ಷದ ಮಗು ಸಾವಿನ ಬಗ್ಗೆ, ಯುದ್ಧದ ಬಗ್ಗೆ ಕೇಳುತ್ತದೆ. ಕೇಳಿ ಮುಗಿಸಿ ಗೊಂಬೆಯನ್ನು ಅಪ್ಪಿಕೊಂಡು ಕೂರುತ್ತದೆ. ಎರಡಕ್ಕೂ ಅಲ್ಲಿ ಜಾಗವಿದೆ. 'ಇಷ್ಟು ಬುದ್ಧಿ ಇದ್ದೂ ಅಳುತ್ತೀಯಾ' ಎಂಬ ಮಾತನ್ನು ಯಾರೂ ಆಡಕೂಡದೆಂದು ಶಿಕ್ಷಕರಲ್ಲಿ ಹಠ ಹಿಡಿದು ಒಪ್ಪಿಸಿದೆ.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಅಂಗಿಯ ಕೊರಳಲ್ಲಿ ಚುಚ್ಚುವ ಲೇಬಲ್ ಕತ್ತರಿಸಿ, ಗುಂಯ್‌ಗುಡುವ ಟ್ಯೂಬ್‌ಲೈಟ್ ಬದಲಿಸಿದ್ದರಿಂದ ಇಬ್ಬರು ಮೂವರ ಸಿಡುಕು ಅರ್ಧಕ್ಕಿಳಿಯಿತು. ಚದುರಂಗ ಸೋಲಿನ ಭಯವನ್ನು ಹೆಚ್ಚಿಸಿತು. ಎಡಗೈಯಲ್ಲಿ ಚಿತ್ರ ಬಿಡಿಸುವುದು ಚೆನ್ನಾಗಿ ಹಿಡಿಯಿತು: ಎಲ್ಲರದೂ ವಕ್ರವೇ, ನನ್ನದೂ ಸೇರಿ. ಮನೋವಿಜ್ಞಾನಿಗಳಾದ ಮ್ಯುಲ್ಲರ್ ಮತ್ತು ಡ್ವೆಕ್ 1998ರಲ್ಲಿ ತೋರಿಸಿದ್ದನ್ನು, ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಸೋಲಿನ ನಂತರ ಕುಗ್ಗುವುದನ್ನು, ಪಾಲಕರಿಗೆ ಎಷ್ಟು ವಿವರಿಸಿದರೂ ನಾಟಿರಲಿಲ್ಲ. ಆ ವಕ್ರ ಚಿತ್ರಗಳನ್ನು ಮಕ್ಕಳು ಧೈರ್ಯವಾಗಿ ಗೋಡೆಗೆ ಅಂಟಿಸಿದ್ದನ್ನು ಕಂಡಾಗ ನಾಟಿತು.

ಇಪ್ಪತ್ತರಷ್ಟು ಮಕ್ಕಳಲ್ಲಿ ಹದಿಮೂರು ಹದಿನಾಲ್ಕು ಮಂದಿ ಈಗ ತಾವಾಗಿಯೇ ಒಬ್ಬ ಗೆಳೆಯನ ಹೆಸರು ಹೇಳುತ್ತಾರೆ. ಇಷ್ಟು ಫಲಿತಾಂಶ ನಾನು ಬೇರೆ ಯಾವ ಕ್ರಮದಲ್ಲೂ ಕಂಡಿಲ್ಲ. ಬದಲಾಗದ ಮೂರು ನಾಲ್ಕು ಮಕ್ಕಳಿಗೆ ಬುದ್ಧಿಯ ಜೊತೆಗೆ ಓದುವ ತೊಡಕೂ ಇತ್ತು. ಅವರಿಗೆ ಮೊದಲು ಅದರ ನೆರವು ಬೇಕು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ವೇಳಾಪಟ್ಟಿ ಹೊಂದಿಸುವುದೇ ಕಷ್ಟ, ಅದಕ್ಕೆ ಒಂದು ವರ್ಷದ ಹತ್ತಿರ ಹಿಡಿಯಿತು.

ಶುರುಮಾಡುವವರು ಮೈಯ ವಾರಿಗೆಯಿಂದಲೇ ಶುರುಮಾಡಿ. ದೊಡ್ಡವರ ಗುಂಪಿಗೆ ಮೊದಲೇ ಕಳಿಸಿದರೆ ತರಗತಿಯ ಚೇಷ್ಟೆ ತಡೆಯಲಾಗದೆ ಮಗು ಹಿಂಜರಿಯುತ್ತದೆ. ಒಂದೂವರೆ ಎರಡು ತಿಂಗಳು ಕಾಯಿರಿ, ಆಟದಲ್ಲಿ ಅದನ್ನು ಹೆಸರು ಹಿಡಿದು ಕರೆಯುವವರು ಸಿಕ್ಕ ಮೇಲೆ ಕಳಿಸಿ.