ಸರ್ಕಾರಕ್ಕೆ ಮಾಲು ಮಾರುವವರು ಏಪ್ರಿಲ್‌ನಲ್ಲೇ ನೋಡಿಕೊಳ್ಳಿ

ಸಣ್ಣ ಉದ್ದಿಮೆಯವರಿಗೆ ಒಂದು ಮಾತು. ಟೆಂಡರ್ ಬಂದ ಮೇಲೆ ಓಡಾಡಬೇಡಿ. ಕೇಂದ್ರದ ಇಲಾಖೆಗಳು ಹಣಕಾಸು ವರ್ಷ ಶುರುವಾಗುವ ಮೊದಲೇ ವಾರ್ಷಿಕ ಖರೀದಿ ಯೋಜನೆ ಮಾಡಿ ತಮ್ಮ ವೆಬ್‌ಸೈಟ್‌ನಲ್ಲಿ ಹಾಕಬೇಕು ಅಂತ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲೇ ಇದೆ. ಅದನ್ನು ಹುಡುಕಿ ಓದಿ. ಯಾವ ಇಲಾಖೆಗೆ ಏನು ಬೇಕು, ಯಾವಾಗ ಬೇಕು ಅನ್ನೋದು ಮೊದಲೇ ಗೊತ್ತಾದರೆ ಕಚ್ಚಾ ಮಾಲು, ಬಂಡವಾಳ ಎರಡಕ್ಕೂ ಸಮಯ ಸಿಗುತ್ತದೆ, ಅಲ್ವಾ?

ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಈಗಲೇ ಮಾಡಿಸಿ. ಕೇಂದ್ರದ ಇಲಾಖೆಗಳು, ಕಂಪನಿಗಳು ವರ್ಷದ ಖರೀದಿಯಲ್ಲಿ ಕನಿಷ್ಠ ಶೇ. 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದಲೇ ಕೊಳ್ಳಬೇಕು. ಅದರಲ್ಲಿ ಶೇ. 3 ಮಹಿಳೆಯರ ಉದ್ದಿಮೆಗೆ ಮೀಸಲು. ನಮ್ಮ ಹೆಣ್ಣುಮಕ್ಕಳು ಇದನ್ನು ಖಂಡಿತ ಬಿಡಬಾರದು!

ಜೆಮ್ ಪೋರ್ಟಲ್ (ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿ ತಾಣ) ಖಾತೆ, ಡಿಜಿಟಲ್ ಸಹಿ, ಜಿಎಸ್‌ಟಿ ಕಾಗದ ಒಂದೇ ಫೋಲ್ಡರ್‌ನಲ್ಲಿ ಇರಲಿ. ರಾಜ್ಯದ ಟೆಂಡರ್‌ಗಳಿಗೆ ಕರ್ನಾಟಕ ಸರ್ಕಾರದ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಬೇರೆಯಾಗಿ ನೋಂದಾಯಿಸಬೇಕು.