ಸೈಜುಗಲ್ಲಿನ ಸಂದಿಯಲ್ಲಿ ವಿಷ್ಣುಕ್ರಾಂತಿ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದಾಗ ಪಾಯಕ್ಕೆಂದು ತರಿಸಿ ಉಳಿದ ಸೈಜುಗಲ್ಲುಗಳು ಕಾಂಪೌಂಡಿನ ಮೂಲೆಯಲ್ಲಿ ಎರಡು ವರ್ಷ ಹಾಗೆಯೇ ಬಿದ್ದಿದ್ದವು. ಅವುಗಳನ್ನು ಬಳಸಿ, 8 ಅಡಿ ಉದ್ದ, 5 ಅಡಿ ಅಗಲದ ಜಾಗದಲ್ಲಿ, ಪುಟ್ಟ ಹೂ ಬಿಡುವ ಗಿಡಗಳಿಗಾಗಿಯೇ ಒಂದು ಕಲ್ಲುತೋಟ ಮಾಡಿದೆ.

ಮೊದಲ ವರ್ಷದ ಪ್ರಯತ್ನ ಪೂರ್ತಿ ಕೆಟ್ಟಿತು. ಕುಂಡದ ಗಿಡಗಳಿಗೆ ಮಾಡುವ ಹಾಗೆ ಕೆಮ್ಮಣ್ಣಿಗೆ ಅಷ್ಟೇ ಪ್ರಮಾಣದ ಕೊಟ್ಟಿಗೆ ಗೊಬ್ಬರ ಬೆರೆಸಿ, ಕಲ್ಲುಗಳನ್ನು ಅದರ ಮೇಲಿಟ್ಟು, ದಿನವೂ ನೀರು ಹಾಕಿದೆ. ವಿಷ್ಣುಕ್ರಾಂತಿ ಎಲೆ ಹಬ್ಬಿಸಿತೇ ಹೊರತು ಹೂ ಬಿಡಲಿಲ್ಲ. ಸೆಪ್ಟೆಂಬರಿನ ಮಳೆ ಹಿಡಿದ ಮೇಲೆ ಟೇಬಲ್ ರೋಸಿನ ಕಾಂಡಗಳು ಬುಡದಲ್ಲಿ ಕೊಳೆತು, ಮುಟ್ಟಿದರೆ ಕೈಗೇ ಬರುತ್ತಿದ್ದವು. ಯುರೋಪಿನ ಕಲ್ಲುತೋಟಗಳ ಚಿತ್ರ ನೋಡಿ ಆಸೆಪಟ್ಟು ಬಿತ್ತಿದ್ದ ಸ್ಯಾಕ್ಸಿಫ್ರೇಜ್ ಸಸಿಗಳು ಏಪ್ರಿಲ್ ದಾಟಲಿಲ್ಲ. ತಂಪು ಬೆಟ್ಟಗಳ ಗಿಡವನ್ನು ನಮ್ಮ ಬಿಸಿಲಿಗೆ ಒಡ್ಡಿದ್ದು ನನ್ನದೇ ತಪ್ಪು.

ಲಾಲ್‌ಬಾಗಿನ ಬಂಡೆಯ ಮೇಲೆ ಮಳೆಗಾಲದಲ್ಲಿ ಓಡಾಡುವಾಗ, ಹೆಬ್ಬೆರಳಿನಷ್ಟೂ ಆಳವಿಲ್ಲದ ತಗ್ಗಿನ ಮರಳುಮಣ್ಣಿನಲ್ಲಿ ಸಣ್ಣ ಗಿಡಗಳು ಹೂಬಿಟ್ಟು ನಿಂತಿದ್ದನ್ನು ಕಂಡ ಮೇಲೆ, ನಾನು ಅವುಗಳಿಗೆ ಅಗತ್ಯಕ್ಕಿಂತ ಹೆಚ್ಚು ಉಣ್ಣಿಸಿದ್ದೆನೆಂದು ತಿಳಿಯಿತು.

ಎಲ್ಲವನ್ನೂ ಕಿತ್ತು ಮತ್ತೆ ಕಟ್ಟಿದೆ. ತಳದಲ್ಲಿ ಅರ್ಧ ಅಡಿ ಇಟ್ಟಿಗೆ ಚೂರು, ಅದರ ಮೇಲೆ ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ಒಂದು ಪಾಲು 6 ಎಂಎಂ ಜಲ್ಲಿ. ಗೊಬ್ಬರ ಇಲ್ಲವೇ ಇಲ್ಲ. ಎಂ-ಸ್ಯಾಂಡನ್ನು ಜರಡಿ ಹಿಡಿದು ತೊಳೆಯಲೇಬೇಕು, ಇಲ್ಲದಿದ್ದರೆ ಅದರ ನುಣ್ಣನೆಯ ಪುಡಿ ಒಂದೆರಡು ಮಳೆಗೆ ಗಾರೆಯಂತೆ ಕಚ್ಚಿಕೊಂಡು ನೀರು ಇಳಿಯಲು ಬಿಡುವುದಿಲ್ಲ. ಪ್ರತಿ ಕಲ್ಲನ್ನೂ ಮೂರರಲ್ಲೊಂದು ಭಾಗ ಹೂತು, ಮೇಲೆ ಬಿದ್ದ ನೀರು ಹಿಂದಿನ ಮಣ್ಣಿಗೆ ಇಳಿಯುವಂತೆ ತುಸು ಹಿಂದಕ್ಕೆ ವಾಲಿಸಿದೆ. ಸಸಿಗಳನ್ನು ಕಲ್ಲಿನ ಸಂದಿಗಳಲ್ಲಿಯೇ ನೆಟ್ಟು, ಕಾಂಡಕ್ಕೆ ಒದ್ದೆಮಣ್ಣು ತಾಗದಂತೆ ಬುಡದ ಸುತ್ತ ಒಂದು ಅಂಗುಲ ಜಲ್ಲಿ ಹರಡಿದೆ. ಬುಡ ಕೊಳೆಯುವುದು ನಿಂತದ್ದು ಈ ಜಲ್ಲಿಯಿಂದ ಎಂದೇ ನನ್ನ ನಂಬಿಕೆ.

ವಿಷ್ಣುಕ್ರಾಂತಿಯನ್ನು ಸೊಂಟದೆತ್ತರದ ಕಲ್ಲಿನ ಸಂದಿಯಲ್ಲಿ ನೆಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಅಂಗಿಯ ಗುಂಡಿಗಿಂತ ಚಿಕ್ಕದಾದ ಆ ನೀಲಿ ಹೂವನ್ನು ನೆಲದಲ್ಲಿ ಬಗ್ಗಿ ನೋಡುವ ವಯಸ್ಸು ನನ್ನದಲ್ಲ. ದಾರದಂಥ ತೊಟ್ಟಿನ ಮೇಲೆ ಅದು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಊಟದ ಹೊತ್ತಿಗೆ ಬರುವ ನೆಂಟರು ಕಲ್ಲುಗಳನ್ನಷ್ಟೇ ನೋಡಿ, ಇನ್ನೂ ಏನೂ ನೆಟ್ಟಿಲ್ಲವೇ ಎಂದು ಕೇಳುತ್ತಾರೆ. ಪಕ್ಕದಲ್ಲಿ ತೆವಳುವ ಸಯನೋಟಿಸ್ ಎಂಬ ಪುಟ್ಟ ಗಿಡದ ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೇಸರಗಳ ನೇರಳೆ ರೋಮಗಳು ಮಣಿ ಪೋಣಿಸಿದಂತೆ ಕಾಣುತ್ತವೆ.

ಈಗ ಉಳಿದಿರುವ ದೊಡ್ಡ ಕೆಲಸ ಕಳೆ ಕೀಳುವುದು. ಪುಲ್ಲಂಪುರಚಿಯ ಕಾಯಿ ಬಲಿತರೆ ಸಿಡಿದು ಬೀಜ ಎಲ್ಲ ಸಂದಿಗೂ ಸೇರುವುದರಿಂದ, ಹೂವಿರುವಾಗಲೇ ಹಳೆಯ ಫೋರ್ಕಿನಿಂದ ಬೇರುಸಹಿತ ಎಬ್ಬಿಸುತ್ತೇನೆ. ಇದನ್ನು ಬೇರೆಯವರಿಗೆ ಒಪ್ಪಿಸುವುದಿಲ್ಲ. ಒಮ್ಮೆ ಒಪ್ಪಿಸಿದಾಗ ಸಯನೋಟಿಸ್ ಅರ್ಧದಷ್ಟು ಕಳೆಯ ಬುಟ್ಟಿಗೆ ಹೋಗಿತ್ತು. ಅದೃಷ್ಟಕ್ಕೆ, ಬುಟ್ಟಿಯಿಂದ ಆರಿಸಿ ಊರಿದ ತುಂಡುಗಳೆಲ್ಲ ಚಿಗುರಿದವು.