ಚಿಕಿತ್ಸೆಯಲ್ಲಿರುವ ಹಸುವಿನ ಸಗಣಿ, ಗಂಜಲ, ಹಾಲು: ಹಳ್ಳಕ್ಕೆ ಸೇರದಂತೆ ನಾವು ಮಾಡುವ ಕ್ರಮ

ಕೆಚ್ಚಲು ಬಾವು ರೋಗಕ್ಕೆ ಆಂಟಿಬಯೋಟಿಕ್ ಕೊಟ್ಟ ಮೇಲೆ ಹಾಲನ್ನು ಡೇರಿಗೆ ಹಾಕಬಾರದು ಅನ್ನುವುದು ಹೈನುಗಾರರಿಗೆಲ್ಲ ಗೊತ್ತು. ಅದೇ ಹಸುವಿನ ಸಗಣಿ, ಗಂಜಲ ಮಾತ್ರ ಎಂದಿನಂತೆ ತಿಪ್ಪೆಗೆ, ಚರಂಡಿಗೆ ಹೋಗುತ್ತವೆ. ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಕೊಟ್ಟರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬದಲಾಗದೆ ಅವುಗಳಲ್ಲೇ ಹೊರಬೀಳುತ್ತದೆ. ಮಳೆ ಬಂದಾಗ ತಿಪ್ಪೆಯಿಂದ ಇಳಿಯುವ ಕಂದು ನೀರು ಅದನ್ನು ಹಳ್ಳಕ್ಕೆ ಒಯ್ಯುತ್ತದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಅಲ್ಲಿ ಹೆಚ್ಚುತ್ತವೆ. ಅದಕ್ಕೇ ನಮ್ಮ ಕೊಟ್ಟಿಗೆಯಲ್ಲಿ ಮದ್ದು ಬಿದ್ದ ದಿನದಿಂದ ಆ ಹಸುವಿನದೆಲ್ಲ ಬೇರೆ.

ಹಸುವನ್ನು ಗೋದಲಿಯ ಕೊನೆಗೆ, ಚರಂಡಿ ಇಳಿಜಾರಿನ ತಳಭಾಗಕ್ಕೆ ಕಟ್ಟುತ್ತೇವೆ. ಅಲ್ಲಿ ಚರಂಡಿಗೆ ಮಣ್ಣಿನ ಚೀಲ ಅಡ್ಡ ಇಟ್ಟು, ನೆಲಕ್ಕೆ ಅರ್ಧ ಅಡಿ ತೆಂಗಿನ ನಾರಿನ ಪುಡಿ ಇಲ್ಲವೇ ಒಣ ತರಗು ಹಾಸುತ್ತೇವೆ. ಗಂಜಲ ಹೀರಿದ ಹಾಸನ್ನು ಬೆಳಿಗ್ಗೆ, ಸಂಜೆ ಸಗಣಿಯ ಜೊತೆಗೇ ಬಾಚಿ ತೆಗೆಯಬೇಕು. ಪೈಪ್ ಹಿಡಿದು ತೊಳೆಯಬಾರದು. ತೊಳೆದರೆ ಒಂದು ಬುಟ್ಟಿಯಲ್ಲಿ ಮುಗಿಯುವ ಕಸ ನೂರಾರು ಲೀಟರ್ ನೀರಾಗುತ್ತದೆ, ಅದನ್ನು ಹಿಡಿದಿಡುವುದು ಯಾರಿಂದಲೂ ಆಗದು.

ಎಷ್ಟು ದಿನ? ಔಷಧಿಯ ಲೇಬಲ್ ಮೇಲಿರುವ, ಹಾಲು ಬಳಸಬಾರದ ಅವಧಿ ಮುಗಿಯುವವರೆಗಂತೂ ಬೇಕೇ ಬೇಕು. ಅವಧಿ ನಿಗದಿಯಾಗಿರದ ಔಷಧಿಗೆ ನಮ್ಮ ದೇಶದ ನಿಯಮದ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಸಗಣಿಗೆ ಹೀಗೆ ಲೇಬಲ್ ಇಲ್ಲ. ಜಂತು, ಉಣ್ಣೆಗೆ ಕೊಡುವ ಐವರ್ಮೆಕ್ಟಿನ್ ವಾರಗಟ್ಟಲೆ ಸಗಣಿಯಲ್ಲೇ ಬರುತ್ತದೆ, ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಅದನ್ನು ಕೊಟ್ಟ ದನವನ್ನು ನಾಲ್ಕು ವಾರ ಗೋಮಾಳಕ್ಕೆ ಬಿಡುವುದಿಲ್ಲ.

ಬಾಚಿದ್ದು ಹೋಗುವುದು ಪ್ರತ್ಯೇಕ ಗುಡ್ಡೆಗೆ. ಇಡೀ ಕೆಲಸದ ಜೀವಾಳ ಇದೇ. ಬಾವಿಯಿಂದ ನೂರು ಅಡಿಯಾಚೆ, ಮಳೆನೀರು ನುಗ್ಗದ ಎತ್ತರದ ಜಾಗದಲ್ಲಿ ದಪ್ಪ ಟಾರ್ಪಾಲ್ ಹಾಸಿ, ಮೇಲೆ ತಗಡಿನ ಮಾಡು. ಗುಡ್ಡೆ ನಾಲ್ಕು ಅಡಿ ಉದ್ದ, ಅಗಲ, ಎತ್ತರಕ್ಕಿಂತ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ. ಒಂದೆರಡು ಹಸುವಿನ ಸಗಣಿ ಸಾಲದಿದ್ದರೆ ಆರೋಗ್ಯದ ಹಸುಗಳ ಸಗಣಿ ಸೇರಿಸಿ ಗಾತ್ರ ತುಂಬಿಸಬೇಕು. ಒಂದು ಬುಟ್ಟಿ ಸಗಣಿಗೆ ಎರಡು ಬುಟ್ಟಿ ಕತ್ತರಿಸಿದ ಕಬ್ಬಿನ ರವದಿ ಅಥವಾ ರಾಗಿ ಹುಲ್ಲು. ಹಿಡಿಯಷ್ಟು ತೆಗೆದು ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು.

ಮೂರು ನಾಲ್ಕು ದಿನದಲ್ಲಿ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬರಬೇಕು. ಉದ್ದ ಕಡ್ಡಿಯ ಥರ್ಮಾಮೀಟರ್ ಇಲ್ಲದಿದ್ದರೆ ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಡಿ; ಎಳೆದಾಗ ಹಿಡಿಯಲಾಗದಷ್ಟು ಸುಡುತ್ತಿದ್ದರೆ ಸರಿ. ಬಿಸಿಯೇರದೆ ಕೊಳೆತ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿಯಾಡುತ್ತಿಲ್ಲ, ಒಣ ಹುಲ್ಲು ಸೇರಿಸಿ ಮಗುಚಿ. ವಾಸನೆಯೂ ಇಲ್ಲ, ಬಿಸಿಯೂ ಇಲ್ಲ ಅಂದರೆ ಒಣಗಿದೆ. ವಾರಕ್ಕೊಮ್ಮೆ ಮಗುಚಿ, ಹೊರಗಿನದು ಒಳಕ್ಕೆ ಬರಬೇಕು. ತಳದಲ್ಲಿ ಸೋರಿದ ರಸ ಗುಂಡಿಯಲ್ಲಿ ನಿಲ್ಲಲಿ, ಮತ್ತೆ ಗುಡ್ಡೆಯ ಮೇಲೇ ಸುರಿಯಿರಿ.

ಪೆನಿಸಿಲಿನ್, ಅಮಾಕ್ಸಿಸಿಲಿನ್ ಬೇಗ ಒಡೆಯುತ್ತವೆ. ಟೆಟ್ರಾಸೈಕ್ಲಿನ್ ಈ ಶಾಖದಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಎನ್ರೋಫ್ಲಾಕ್ಸಸಿನ್ ಹಾಗಲ್ಲ, ಸಗಣಿಗೂ ಮಣ್ಣಿಗೂ ಗಟ್ಟಿಯಾಗಿ ಅಂಟಿ ಬಹುಕಾಲ ಉಳಿಯುತ್ತದೆ. ಹಾಗಾಗಿ ಕೆಚ್ಚಲಿಗೆ ಮದ್ದಿನ ಮೊದಲ ಟ್ಯೂಬ್ ಏರಿಸುವ ಮುಂಚೆಯೇ, ಯಾವ ಔಷಧಿ ನಾಟುತ್ತದೆಂದು ತಿಳಿಯಲು ಹಾಲಿನ ಸ್ಯಾಂಪಲ್ ಪರೀಕ್ಷೆಗೆ ಕಳಿಸಿ, ಬೇರೆ ಔಷಧಿಯಲ್ಲಿ ವಾಸಿಯಾಗುವಂತಿದ್ದರೆ ಅದನ್ನೇ ಬರೆಯಿರಿ ಎಂದು ಪಶುವೈದ್ಯರನ್ನು ಕೇಳುತ್ತೇವೆ.

ಚೆಲ್ಲುವ ಹಾಲೂ ಈ ಗುಡ್ಡೆಗೇ. ಕುದಿಸಿದರೆ ಆಂಟಿಬಯೋಟಿಕ್ ಹೋಗುವುದಿಲ್ಲ. ಕರುವಿಗೆ ಕುಡಿಸಿದರೆ ಅದರ ಹೊಟ್ಟೆಯಲ್ಲೇ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹಳ್ಳಕ್ಕೆ ಸುರಿದರೆ ಔಷಧಿಯ ಮಾತು ಹಾಗಿರಲಿ, ಹಾಲೇ ನೀರಿನ ಆಮ್ಲಜನಕವನ್ನೆಲ್ಲ ತಿಂದು ಮೀನುಗಳ ಉಸಿರು ಕಟ್ಟಿಸುತ್ತದೆ. ಗುಡ್ಡೆಯ ನಡುವೆ ಕುಳಿ ತೋಡಿ, ಒಣ ಹುಲ್ಲು ತುಂಬಿ, ಅದು ಹೀರುವಷ್ಟೇ ಹಾಲು ಹಾಕಿ ಅರ್ಧ ಅಡಿ ತರಗಿನಿಂದ ಮುಚ್ಚಿ. ಇಲ್ಲದಿದ್ದರೆ ನಾಯಿಗಳು ಕೆದರುತ್ತವೆ.

ಈ ಸಗಣಿಯನ್ನು ಗೋಬರ್ ಗ್ಯಾಸಿಗೆ ಹಾಕಬೇಡಿ, ಗ್ಯಾಸ್ ಕೊಡುವ ಸೂಕ್ಷ್ಮಜೀವಿಗಳಿಗೇ ಏಟು. ಜೀವಾಮೃತಕ್ಕಂತೂ ಬೇಡವೇ ಬೇಡ. 200 ಲೀಟರ್ ಡ್ರಮ್ಮಿಗೆ 10 ಕಿಲೋ ಸಗಣಿ ಹಾಕುವುದೇ ಸೂಕ್ಷ್ಮಜೀವಿ ಬೆಳೆಸಲು, ಅದರಲ್ಲಿ ಅವನ್ನು ಕೊಲ್ಲುವ ಮದ್ದಿದ್ದರೆ ಏನು ಪ್ರಯೋಜನ?

ಉಣ್ಣೆಗೆ ಹೊಡೆಯುವ ಡೆಲ್ಟಾಮೆಥ್ರಿನ್ ಮೀನಿಗೆ, ನೀರಿನ ಹುಳುಗಳಿಗೆ ಕಡು ವಿಷ. ಸಿಂಪಡಿಸಿದ ದನವನ್ನು ಕೆರೆಯಲ್ಲಿ ಮೈತೊಳೆಯಲು ಇಳಿಸಬಾರದು. ನೋವಿಗೆ ಡೈಕ್ಲೋಫೆನಾಕ್ ಬೇಡ: ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಹಾಳಾಗುತ್ತದೆಂದು 2006ರಲ್ಲೇ ಜಾನುವಾರುಗಳಿಗೆ ಅದನ್ನು ನಿಷೇಧಿಸಿದ್ದಾರೆ, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ. ಮೆಲಾಕ್ಸಿಕ್ಯಾಮ್ ಕೇಳಿ ಪಡೆಯಿರಿ. ರಾಮನಗರದ ಬೆಟ್ಟದಲ್ಲಿ ಉಳಿದಿರುವ ಕೆಲವೇ ಹದ್ದುಗಳಿಗಾದರೂ ಅಷ್ಟು ಮಾಡಬೇಕು.

ಮೂರು ನಾಲ್ಕು ತಿಂಗಳಿಗೆ ಗೊಬ್ಬರ ಕಪ್ಪಾಗಿ ಮಣ್ಣಿನ ವಾಸನೆ ಬರುತ್ತದೆ. ಆಗಲೂ ಸೊಪ್ಪು, ಕ್ಯಾರೆಟ್, ಮೂಲಂಗಿಗೆ ಹಾಕುವುದಿಲ್ಲ, ಗಿಡಗಳು ಉಳಿಕೆಯನ್ನು ಹೀರುತ್ತವೆ. ತೆಂಗು, ಮಾವಿನ ಪಾತಿಗೆ ಹಾಕಿ ಅದೇ ದಿನ ಮಣ್ಣು ಮುಚ್ಚಿ. ಹಳ್ಳದ ಅಂಚಿಗೆ ಮೂವತ್ತು ಅಡಿ ಗರಿಕೆ ಬಿಟ್ಟು, ಅಲ್ಲಿಗೆ ಗೊಬ್ಬರವನ್ನೇ ಒಯ್ಯಬೇಡಿ.